ಬುಡುಂಗಕ್ಕನ ಅರವತ್ತೆರಡು ಕಿರುಚಾಟ

ಅವಳಿಗೆ ಐವತ್ತೊಂದು ವರ್ಷ. ಫೋನಿನಲ್ಲಿ ಮಾತ್ರ ಏಳು. ಸಗಟು ಔಷಧದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಡಿಕಲ್ ಶಾಪಿನವರ ಆರ್ಡರ್ ಬರೆದುಕೊಳ್ಳುವುದು ಅವಳ ಕೆಲಸ. ಹೊಸಬರು ಯಾರಾದರೂ ಫೋನ್ ಮಾಡಿದರೆ, ಇವಳು "ಹಲೋ" ಅಂದ ಕೂಡಲೇ, "ಪಾಪು, ದೊಡ್ಡವರು ಯಾರಾದ್ರೂ ಇದ್ರೆ ಕೊಡಮ್ಮ ಫೋನು," ಅನ್ನುತ್ತಿದ್ದರು. ಅವಳು ಅದೇ ದನಿಯಲ್ಲಿ, "ದೊಡ್ಡವಳು ನಾನೇ. ಯಾವ ಮಾತ್ರೆ, ಎಷ್ಟು ಡಬ್ಬಿ, ಬೇಗ ಹೇಳಿ," ಅನ್ನುತ್ತಿದ್ದಳು. ಅರ್ಧ ಜನ ನಗುತ್ತಿದ್ದರು, ಅರ್ಧ ಜನ ಫೋನ್ ಇಟ್ಟುಬಿಡುತ್ತಿದ್ದರು.

ಅಂಥ ದನಿ ದೇವರು ಕೊಟ್ಟ ವರ ಅನ್ನುವವರು ಅದನ್ನು ಒಂದು ವಾರ ಇಟ್ಟುಕೊಂಡು ನೋಡಲಿ. ಬ್ಯಾಂಕಿನಲ್ಲಿ ಜಗಳಕ್ಕೆ ನಿಂತರೆ ಗುಮಾಸ್ತ ಪಕ್ಕದವನನ್ನು ಕರೆದು ಕೇಳಿಸುತ್ತಿದ್ದ. ಮದುವೆಯ ಮಾತು ಎರಡು ಸಲ ಫೋನಿನಲ್ಲೇ ಮುರಿದುಬಿತ್ತು. ಎರಡನೆಯವನು, "ಮಗೂನ ಕಟ್ಕೊಂಡ ಹಾಗಾಗುತ್ತೆ," ಅಂದನಂತೆ. ಇದ್ದದ್ದು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ. ಅತ್ತಿಗೆಗೆ ಅವಳು ಬಾಯಿ ಬಿಟ್ಟರೆ ಸಾಕು, ಮೈ ಉರಿಯುತ್ತಿತ್ತು. ನೆಂಟರು ಬಂದಾಗ, "ನೀನು ಮೇಲೇ ಇರು, ಆ ದನೀಲಿ ಮಾತಾಡಿದ್ರೆ ನಮ್ಮ ಮಾನ ಹೋಗುತ್ತೆ," ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವ ಹೆಂಗಸು.

ಆ ದನಿಗೆ ಬೆಲೆ ಇದ್ದ ಜಾಗ ಒಂದೇ ಒಂದು. ನಮ್ಮ ಡಬ್ಬಿಂಗ್ ಸ್ಟುಡಿಯೋ. ನಾನು ಅಲ್ಲಿ ರೆಕಾರ್ಡಿಸ್ಟ್. ಮೂವತ್ತೊಂದು ವರ್ಷದಿಂದ ಗಾಜಿನ ಈಚೆ ಕೂತು, ಆಚೆ ನಿಂತವರ ದನಿ ಹಿಡಿಯುತ್ತಾ ಬಂದಿದ್ದೇನೆ. ಅವಳಿಗೆ ಏನಾಯಿತು ಅಂತ ಹೇಳಲು ನನಗಿಂತ ತಕ್ಕವನು ಸಿಗುವುದಿಲ್ಲ, ಯಾಕೆಂದರೆ ಮಾಡಿದವನು ನಾನೇ.

ಇಪ್ಪತ್ನಾಲ್ಕು ವರ್ಷದ ಕೆಳಗೆ ಹೊರಗಿನ ಕಂಪನಿಯೊಂದರ ಕಾರ್ಟೂನ್ ಧಾರಾವಾಹಿ ನಮ್ಮ ಭಾಷೆಗೆ ಬಂತು. ನಾಯಕ ಒಂದು ನೀರುನಾಯಿ ಮರಿ. ಅದರ ಮೂಲ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ನಾವೇ ಬುಡುಂಗ ಅಂತ ಇಟ್ಟೆವು. ಇವಳು ಆಗ ಗುಂಪಿನ ಮಕ್ಕಳ ಗಲಾಟೆಗೆ ದನಿ ಕೊಡಲು ಬರುತ್ತಿದ್ದವಳು. ಹತ್ತು ಜನ ನಿಂತು ಹೋ ಅಂದರೆ ಅದರಲ್ಲಿ ಒಬ್ಬಳು. ಬುಡುಂಗನಿಗೆ ಗೊತ್ತು ಮಾಡಿದ್ದ ಕಲಾವಿದೆ ಮೊದಲ ದಿನವೇ ಕೈಕೊಟ್ಟಳು. ಯಜಮಾನರು, ಅಂದರೆ ಸ್ಟುಡಿಯೋದ ಮಾಲೀಕರು, ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಇವಳು ಬಾಗಿಲಲ್ಲಿ ನಿಂತು, "ಸಾರ್, ನಾನು ಒಂದ್ಸಲ ನೋಡ್ಲಾ?" ಅಂದಳು. ಮೈಕಿನ ಮುಂದೆ ನಿಂತು ಮೊದಲ ಸಾಲು ಹೇಳಿದ್ದೇ ತಡ, ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮರಿ ಬಾಯಿ ಬಿಟ್ಟು ಮಾತಾಡುತ್ತಿತ್ತು. ಅವತ್ತಿನಿಂದ ಅವಳು ಬುಡುಂಗಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ನೂರಾ ನಾಲ್ಕು ಕಂತು. ಆಮೇಲೆ ಒಂದು ಸಿನಿಮಾ. ಆಮೇಲೆ ಕಂಪ್ಯೂಟರಿನಲ್ಲಿ ಆಡುವ ಒಂದು ಆಟ. ಎಂಟು ವರ್ಷ ಅವಳು ಬಂದರೆ ಸ್ಟುಡಿಯೋಗೆ ಜೀವ ಬರುತ್ತಿತ್ತು. ಟೀ ತರುವವನಿಂದ ಯಜಮಾನರವರೆಗೆ ಎಲ್ಲರನ್ನೂ ಬುಡುಂಗನ ದನಿಯಲ್ಲಿ ಕಿಚಾಯಿಸುವಳು. ನನಗೆ ಗೂಬೆ ಮಾವ ಅಂತ ಹೆಸರಿಟ್ಟಳು. ಧಾರಾವಾಹಿಯಲ್ಲಿ ದೊಡ್ಡ ಕಣ್ಣಿನ, ಸದಾ ಗೊಣಗುವ ಗೂಬೆಯೊಂದಿತ್ತು. ಗಾಜಿನ ಹಿಂದೆ ದಪ್ಪ ಕನ್ನಡಕ ಹಾಕಿಕೊಂಡು ಕೂತ ನನ್ನನ್ನು ನೋಡಿದರೆ ಅದೇ ನೆನಪಾಗುತ್ತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆ ಹೆಸರು ಬೀದಿಗೆ ಹೋಯಿತು, ಅಂಗಡಿಗೆ ಹೋಯಿತು, ಕೊನೆಗೆ ನನ್ನ ಹೆಂಡತಿಯ ತಂಗಿಯ ಬಾಯಿಗೂ ಹೋಯಿತು. ಈಗಲೂ ಯಾರಾದರೂ ಹಾಗೆ ಕೂಗಿದರೆ ನನಗೆ ಕೆನ್ನೆಗೆ ಬಾರಿಸೋಣ ಅನ್ನಿಸುತ್ತದೆ.

ಎರಡನೇ ಸಿನಿಮಾ ಬರುವ ಹೊತ್ತಿಗೆ ಕಂಪನಿ ನಮ್ಮ ಭಾಷೆಯನ್ನೇ ಕೈಬಿಟ್ಟಿತು. ಬುಡುಂಗ ನಿಂತ. ಬೇರೆ ಪಾತ್ರ ಅವಳಿಗೆ ಹೊಂದಲಿಲ್ಲ. ತಾಯಿಯ ಪಾತ್ರ ಕೊಟ್ಟರೆ ಮಗುವೇ ಮಗುವಿಗೆ ಜೋಗುಳ ಹಾಡಿದ ಹಾಗೆ ಕೇಳುತ್ತಿತ್ತು. ಅವಳು ಔಷಧದ ಅಂಗಡಿ ಸೇರಿದಳು. ಆದರೂ ತಿಂಗಳಿಗೊಮ್ಮೆ ಫೋನ್ ಮಾಡಿ, "ಗೂಬೆ ಮಾವಾ, ನಮ್ಮ ಮರಿ ವಿಷಯ ಏನಾದ್ರೂ ಬಂತಾ?" ಅಂತ ಕೇಳುವುದನ್ನು ಬಿಡಲಿಲ್ಲ. ಹದಿನಾರು ವರ್ಷ ಕೇಳಿದಳು. ಇಲ್ಲ ಅಂತ ಹದಿನಾರು ವರ್ಷ ಹೇಳಿದೆ.

ಹೋದ ವರ್ಷ ಬಂತು. ಅಂದು ಬುಡುಂಗನನ್ನು ನೋಡಿ ಕುಣಿದ ಮಕ್ಕಳು ಈಗ ಅಪ್ಪ ಅಮ್ಮ ಆಗಿದ್ದಾರೆ. ಹಳೆಯದನ್ನೇ ತಿಕ್ಕಿ ತೊಳೆದು ಇವರ ಮಕ್ಕಳಿಗೆ ಮಾರಬಹುದು ಅಂತ ಕಂಪನಿಗೆ ಹೊಳೆದಿದೆ. ಹೊಸ ಸಿನಿಮಾ. ಜೊತೆಗೆ ಹಳೆಯ ಆಟವನ್ನೇ ಹೊಸದಾಗಿ ಬರೆದು ಫೋನಿನಲ್ಲಿ ಆಡುವ ಹಾಗೆ ಬಿಡುತ್ತಾರೆ. ಎರಡಕ್ಕೂ ದನಿ ಹಿಡಿಯುವ ಕೆಲಸ ನಮಗೇ ಬಂತು, ಒಂದು ಷರತ್ತಿನ ಮೇಲೆ. ಹಳೆಯ ಕಲಾವಿದೆ ಬದುಕಿದ್ದರೆ ಮೊದಲು ಅವಳನ್ನೇ ಪರೀಕ್ಷೆ ಮಾಡಬೇಕು. ಪಾಸಾದರೆ ಅವಳೇ ಬುಡುಂಗ. ಆಗದಿದ್ದರೆ ಮಾತ್ರ ಸ್ಟುಡಿಯೋ ತನಗೆ ಬೇಕಾದವರನ್ನು ಆರಿಸಿಕೊಳ್ಳಬಹುದು.

ನಾನೇ ಫೋನ್ ಮಾಡಿ ಹೇಳಿದೆ. ಅವಳು, "ಮಾವ, ಒಂದು ನಿಮಿಷ, ಇನ್ನೊಂದು ಫೋನಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳ್ತಿದ್ದಾರೆ, ಅವರ ಆರ್ಡರ್ ಬರ್ಕೊಂಡು ಬಂದು ಅಳ್ತೀನಿ," ಅಂದಳು. ಸಂಜೆ ಅತ್ತಿಗೆಗೂ ಹೇಳಿದಳಂತೆ. ಅತ್ತಿಗೆ, "ಈ ವಯಸ್ಸಿಗೆ ನಾಯಿ ಮರಿ ಆಗ್ತೀಯಾ? ಆಗು ಆಗು," ಅಂದಳಂತೆ. ಅದನ್ನೂ ನನಗೆ ನಗುತ್ತಲೇ ವರದಿ ಮಾಡಿದಳು.

ಪರೀಕ್ಷೆಗೆ ಐದು ವಾರ ಇತ್ತು. ಹಳೆಯದನ್ನೆಲ್ಲ ಇನ್ನೊಂದು ಸಲ ನೋಡಬೇಕು ಅಂತ ಅವಳು ಹಟ ಹಿಡಿದಳು. ಭಾನುವಾರ ಸ್ಟುಡಿಯೋ ಖಾಲಿ. ಮಧ್ಯಾಹ್ನ ಎರಡಕ್ಕೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬರುವಳು, ಒಂದು ಚಕ್ರ ಕಳಚಿದ ಕುರ್ಚಿಯಲ್ಲಿ ಕೂರುವಳು. ಗೋಡೆಗೆ ಅಂಟಿಸಿದ ಸ್ಪಂಜು ಉದುರಿ ಅವಳ ತಲೆಯ ಮೇಲೆ ಬೀಳುತ್ತಿದ್ದರೂ ಗಮನವಿಲ್ಲ. ಧಾರಾವಾಹಿಯ ಮೊದಲ ಹತ್ತು ಕಂತು ನೋಡಿ, "ಅಯ್ಯೋ, ಏನ್ ಕಿರಿಚ್ತೀನಿ ಮಾವ ನಾನು! ಮರಿ ಅಲ್ಲ, ಬಾಗಿಲ ಕೀಲು," ಅಂದಳು. ಮೂವತ್ತನೇ ಕಂತಿನ ಹೊತ್ತಿಗೆ ದನಿ ಕೂತಿತ್ತು. ಅವಳು ಪರದೆಯ ಜೊತೆ ತುಟಿ ಅಲ್ಲಾಡಿಸುತ್ತಾ ಕೂತಳು.

ಸಿನಿಮಾ ನೋಡಿದಾಗ ನನಗೆ ಸಿಟ್ಟು ಬಂತು. ಮೂರು ಕಂತು ಹೊಲಿದು ಮಾಡಿದ ಗೋಣಿಚೀಲ ಅದು. ಮೊಸಳೆ ಎರಡು ಸಲ ಸಾಯುತ್ತದೆ, ಯಾಕೆ ಬದುಕಿತು ಅಂತ ಯಾರೂ ಹೇಳುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಜಾಗ ಇದೆ. ಪ್ರವಾಹದಲ್ಲಿ ತಾಯಿಗೆ ಕಣ್ಣು ಕಾಣುವುದಿಲ್ಲ, ಬುಡುಂಗ ಅದರ ಕಿವಿಯ ಹತ್ತಿರ, "ಅಮ್ಮಾ, ನಾನು ಇಲ್ಲೇ ಇದ್ದೀನಿ. ನನ್ನ ಬಾಲ ಹಿಡ್ಕೋ," ಅನ್ನುತ್ತಾನೆ. ಪಿಸುಮಾತು. ಅಂದು ಒಂದೇ ಟೇಕಿನಲ್ಲಿ ಮುಗಿಸಿದ್ದಳು. ಇಪ್ಪತ್ತು ವರ್ಷದ ಮೇಲೆ ಕೇಳಿ, ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಹಾಕಿದೆ. "ಇದು ಬರುತ್ತಾ ಈಗ?" ಅಂತ ಕೇಳಿದೆ. ಅವಳು ಬಿಸ್ಕತ್ತು ಕೆಳಗಿಟ್ಟು, ಅಲ್ಲೇ ಕೂತಲ್ಲೇ ಹೇಳಿದಳು. ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಆಟದ ಕಥೆ ಬೇರೆ. ಅವಳು ಅದಕ್ಕೆ ದನಿ ಕೊಟ್ಟಿದ್ದಳೇ ಹೊರತು ಒಂದು ದಿನವೂ ಆಡಿರಲಿಲ್ಲ. ಹಳೆಯ ಕಂಪ್ಯೂಟರ್ ಒಂದನ್ನು ಹುಡುಕಿ ಒರೆಸಿ ಹಾಕಿಕೊಟ್ಟೆ. ಮೊದಲ ದಿನವಿಡೀ ಬುಡುಂಗ ಮೊದಲ ಹೊಳೆಯಲ್ಲೇ ಮುಳುಗಿ ಮುಳುಗಿ ಸತ್ತ. "ನೀರುನಾಯಿ ನೀರಲ್ಲಿ ಮುಳುಗಿ ಸಾಯೋದಾ? ಯಾವ ಬುದ್ಧಿವಂತ ಮಾಡಿದ್ದು ಇದನ್ನ!" ಅಂತ ಬೈದಳು. ಆದರೂ ಬಿಡಲಿಲ್ಲ. ನಾಲ್ಕನೇ ಭಾನುವಾರಕ್ಕೆ ಮೂರನೇ ಘಟ್ಟ ದಾಟಿದಳು, ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದುಕೊಂಡಳು. ಹೊಸ ಆಟ ಬಂದಾಗ ಫೋನಿನಲ್ಲಿ ತಾನೇ ಕೊನೆಯವರೆಗೂ ಆಡುತ್ತೇನೆ, ತನ್ನ ದನಿಯನ್ನು ತಾನೇ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದಳು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಮಾವ, ನಂಗೆ ಇದೊಂದು ಸಿಕ್ಕಿಬಿಡ್ಲಿ. ಇನ್ನೇನೂ ಕೇಳಲ್ಲ. ಈ ದನಿ ಯಾಕಿದೆ ಅಂತ ಇನ್ನೊಂದ್ಸಲ ಗೊತ್ತಾದ್ರೆ ಸಾಕು," ಅಂದಳು. ಆ ಭಾನುವಾರಗಳಲ್ಲಿ ನನಗೆ ಅವಳ ಮೇಲೆ ಪ್ರೀತಿ ಇತ್ತು. ಸುಳ್ಳಲ್ಲ.

ಪರೀಕ್ಷೆಯ ಹಿಂದಿನ ದಿನ ಯಜಮಾನರು ನನ್ನನ್ನು ಕರೆದರು. ಅವರ ಸೊಸೆ ಆರು ತಿಂಗಳಿಂದ ದನಿ ಕೊಡುವುದನ್ನು ಕಲಿಯುತ್ತಿದ್ದಳು. ಒಳ್ಳೆಯ ಹುಡುಗಿ, ಓದಿದವಳು. ಮೈಕಿನ ಮುಂದೆ ನಿಂತರೆ ಮಾತ್ರ ವಿದ್ಯುತ್ ಬಿಲ್ ಓದಿದ ಹಾಗೆ. ಬುಡುಂಗ ಅವಳಿಗೇ ಸಿಗಬೇಕು ಅಂತ ಯಜಮಾನರ ಮನಸ್ಸಿನಲ್ಲಿ ಇತ್ತು. ಬಾಯಿ ಬಿಟ್ಟು ಹೇಳುವ ಗಿರಾಕಿ ಅಲ್ಲ ಅವರು. ಕನ್ನಡಕ ಒರೆಸುತ್ತಾ, "ನಾಳೆ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ರೂಮು ಖಾಲಿ ಇದೆ. ಆಟದ ಕಿರುಚಾಟದ ಪಟ್ಟಿ ಬಂದಿದೆಯಲ್ಲ, ಬುಡುಂಗಕ್ಕನ ಕೈಲಿ ಅದನ್ನ ಮುಗಿಸಿಬಿಡು," ಅಂದರು.

ನನಗೆ ತಕ್ಷಣ ಅರ್ಥವಾಯಿತು. ಈ ಕಸುಬಿನಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಕಿರುಚಾಟ ಯಾವತ್ತೂ ಕೊನೆಗೆ. ಮಾತೆಲ್ಲ ಮುಗಿದು, ಕಲಾವಿದರು ಮನೆಗೆ ಹೋಗಿ ಎರಡು ದಿನ ಬಾಯಿ ಮುಚ್ಚಿಕೊಂಡಿರಬಹುದು ಅನ್ನುವಾಗ ಮಾತ್ರ. ಗಂಟಲನ್ನು ಕಿತ್ತು ಹಾಕುವ ಕೆಲಸ ಅದು.

"ಎರಡು ಗಂಟೆಗೆ ಅವಳ ಗಂಟಲು ಇರಬೇಕಲ್ಲ ಸಾರ್," ಅಂದೆ.

"ಇದ್ರೆ ಇರುತ್ತೆ. ಇಲ್ದಿದ್ರೆ ವಯಸ್ಸು ಅಂತ ಅನ್ಕೋತಾರೆ," ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು, "ನಿಂಗೂ ಐವತ್ತೆಂಟಾಯ್ತು ಅಲ್ವಾ? ಇನ್ನೂ ಒಂದು ನಾಲ್ಕು ವರ್ಷ ಇರು, ಎಲ್ಲಿಗೆ ಹೋಗ್ತೀಯ," ಅಂದರು.

ಕುರ್ಚಿ ಉಳಿಸಿಕೊಳ್ಳಲು ಮಾಡಿದೆ ಅಂತ ಹೇಳಿಕೊಂಡು ಓಡಾಡಬಹುದು. ಎರಡು ಮೂರು ಕಡೆ ಹೇಳಿಕೊಂಡೂ ಇದ್ದೇನೆ. ಕೇಳಿದವರು ಪಾಪ ಅಂದರು. ಅದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಅವಳು ಹೊಸ ಸೀರೆ ಉಟ್ಟು ಬಂದು, ಸೊಸೆಯ ಎದುರಿಗೆ, ಟೀ ತರುವವನ ಎದುರಿಗೆ, ಬುಡುಂಗನ ದನಿಯಲ್ಲಿ, "ಗೂಬೆ ಮಾವಾ! ಕಣ್ಣು ಬಿಡು, ಬೆಳಗಾಯ್ತು!" ಅಂದಳು. ಎಲ್ಲರೂ ನಕ್ಕರು. ನನಗೆ ಅಲ್ಲಿಯವರೆಗೆ ಇದ್ದ ಅಳುಕು ಹೋಯಿತು.

ಅವಳಿಗೆ ಪಟ್ಟಿ ಕೊಟ್ಟೆ. ಅರವತ್ತೆರಡು ಸಾಲು. ಎತ್ತರದಿಂದ ಬೀಳುವುದು, ಚಿಕ್ಕದು. ಎತ್ತರದಿಂದ ಬೀಳುವುದು, ದೊಡ್ಡದು. ಮೊಸಳೆ ಕಚ್ಚಿದ್ದು. ಮೊಸಳೆ ನುಂಗಿದ್ದು. ಬೆಂಕಿ ತಗುಲಿದ್ದು. ಬಲೆಯಲ್ಲಿ ಉಸಿರುಗಟ್ಟಿದ್ದು. ಹೀಗೆ ಒಂದು ಮರಿ ಎಷ್ಟು ಥರ ಸಾಯಬಹುದೋ ಅಷ್ಟೂ. ಅವಳ ಮುಖ ಸಣ್ಣಗಾಯಿತು.

"ಕಿರುಚಾಟ ಕೊನೇಗಲ್ವಾ ಮಾವ? ಮಧ್ಯಾಹ್ನ ಪರೀಕ್ಷೆ ಇದೆ."

"ಆಟದವರಿಗೆ ಹನ್ನೆರಡಕ್ಕೆ ಕಳಿಸ್ಬೇಕಂತೆ. ಇದೂ ಪರೀಕ್ಷೇನೇ ಅನ್ಕೋ. ನಾನಿಲ್ವಾ? ನಿನ್ನ ಗಂಟಲು ಎಲ್ಲಿಯವರೆಗೆ ತಡೆಯುತ್ತೆ ಅಂತ ನನಗೆ ಗೊತ್ತಿಲ್ವಾ?"

"ನೀವಿದ್ದೀರಿ ಅಂತಾನೇ ಧೈರ್ಯ," ಅಂದು ಒಳಗೆ ಹೋದಳು.

ಗಾಜಿನ ಆಚೆಯ ಕೋಣೆಯಲ್ಲಿ ಗಡಿಯಾರ ಇರುವುದಿಲ್ಲ, ಟಿಕ್ ಟಿಕ್ ಮೈಕಿಗೆ ಕೇಳುತ್ತದೆ ಅಂತ. ನಾನು ಗುಂಡಿ ಒತ್ತಿ ಮಾತಾಡಿದರೆ ಮಾತ್ರ ಅವಳಿಗೆ ನನ್ನ ದನಿ. ಬಿಟ್ಟರೆ ಮೌನ. ಅಲ್ಲಿ ನಿಂತವರಿಗೆ ರೆಕಾರ್ಡಿಸ್ಟ್ ಹೇಳಿದ್ದೇ ಹೊತ್ತು, ಅವನು ಹೇಳಿದ್ದೇ ಚೆನ್ನ, ಅವನು ಹೇಳಿದ್ದೇ ಕೆಟ್ಟದ್ದು. ಕಂಪನಿ ಕೇಳಿದ್ದು ಒಂದೊಂದಕ್ಕೆ ಎರಡು ಟೇಕು. ಮೊದಲನೇ ಕಿರುಚಾಟಕ್ಕೇ ನನ್ನ ಮೈ ಜುಮ್ಮೆಂದಿತು, ಅಷ್ಟು ಚೆನ್ನಾಗಿತ್ತು. ಗುಂಡಿ ಒತ್ತಿ, "ಇನ್ನೊಂದ್ಸಲ. ಸ್ವಲ್ಪ ಜೋರು," ಅಂದೆ.

ಅವಳು ಕೊಟ್ಟಳು. "ಇನ್ನೊಂದು." ಕೊಟ್ಟಳು. "ಭಯ ಕಾಣ್ತಿಲ್ಲ. ಇನ್ನೊಂದು." ಕೊಟ್ಟಳು. ಒಂದೊಂದಕ್ಕೂ ಆರು. ಬೆಂಕಿ ಮುಗಿಯುವ ಹೊತ್ತಿಗೆ ಬಿಸಿನೀರು ಕೇಳಿದಳು. ಫ್ಲಾಸ್ಕು ಖಾಲಿ ಅಂದೆ. ಖಾಲಿ ಇರಲಿಲ್ಲ, ನನ್ನ ಕಾಲಿನ ಹತ್ತಿರವೇ ಇತ್ತು. ನಲವತ್ತನೇ ಸಾಲಿಗೆ ಅವಳು ಒಂದು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಕಿರುಚುತ್ತಿದ್ದಳು. ಗಾಜಿನ ಮೂಲಕ ನೋಡಿ ನಕ್ಕು, ಹೆಬ್ಬೆರಳು ಎತ್ತಿ ತೋರಿಸಿದಳು. ನಾನೂ ಎತ್ತಿ ತೋರಿಸಿದೆ. ಐವತ್ತರ ಮೇಲೆ ದನಿಯಲ್ಲಿ ಬಟ್ಟೆ ಹರಿದಂಥ ಸದ್ದು ಸೇರಿಕೊಂಡಿತು. ಅಲ್ಲಿ ನಿಲ್ಲಿಸಬಹುದಾಗಿತ್ತು. ಅಷ್ಟಕ್ಕೇ ಕೆಲಸ ಆಗಿಹೋಗಿತ್ತು. ನಾನು ಪಟ್ಟಿ ಮುಗಿಸಿದೆ. ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸವಿಲ್ಲ.

ಎರಡು ಗಂಟೆಗೆ ಕಂಪನಿಯ ಮೇಡಂ ಲೈನಿಗೆ ಬಂದರು. ನಮ್ಮ ಭಾಷೆಯವರೇ, ದೂರದ ಊರಿನಲ್ಲಿ ಕೂತು ಕೇಳುವವರು. "ಚಿಕ್ಕವಳಿದ್ದಾಗ ನಾನು ಇವರ ದನಿ ಕೇಳೋಕೆ ಸ್ಕೂಲಿಂದ ಓಡಿ ಬರ್ತಿದ್ದೆ. ಇವರೇ ಸಿಕ್ಕಿದ್ದು ಎಷ್ಟು ಖುಷಿ ಗೊತ್ತಾ," ಅಂದರು. ಯಜಮಾನರು ಹಲ್ಲು ಗಿಂಜಿದರು. ಪರೀಕ್ಷೆಗೆ ಅವರು ಕಳಿಸಿದ್ದು ಹೊಸ ಸಿನಿಮಾದ ಒಂದು ಪುಟ. ಗುಹೆಯೊಳಗೆ ಸಿಕ್ಕಿಬಿದ್ದ ಬುಡುಂಗ ತಂಗಿಯನ್ನು ಸಮಾಧಾನ ಮಾಡುತ್ತಾನೆ. ಎಲ್ಲಾ ಮೆಲುದನಿ.

ಅವಳು ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ತೆರೆದಳು. ಅರ್ಧ ಪದ ಬಂತು, ಉಳಿದರ್ಧ ಒಡೆದು ಚೂರಾಯಿತು. ಮೂರನೇ ಸಲ ಜೋರು ಮಾಡಿ ನೋಡಿದಳು, ಮುದಿ ಗಂಡಸು ಗದರಿದ ಹಾಗೆ ಕೇಳಿತು. ಅವಳು ಗಾಬರಿಯಿಂದ ನನ್ನ ಕಡೆ ನೋಡಿದಳು. ಕಣ್ಣಿನಲ್ಲೇ ಕೇಳುತ್ತಿದ್ದಳು: ಹೇಳಿ ಮಾವ, ಬೆಳಿಗ್ಗೆಯಿಂದ ಕಿರುಚಿದ್ದೇನೆ ಅಂತ ಅವರಿಗೆ ಹೇಳಿ.

ಮೇಡಂ ಕೇಳಿಯೇ ಕೇಳಿದರು. "ಇವತ್ತು ಬೆಳಿಗ್ಗೆ ಇವರ ಕೈಲಿ ಏನಾದ್ರೂ ರೆಕಾರ್ಡ್ ಮಾಡಿಸಿದ್ರಾ?"

ಯಜಮಾನರು ಮೇಜಿನ ಮೇಲಿನ ಪೆನ್ನು ನೋಡುತ್ತಿದ್ದರು. ನಾನು ಗುಂಡಿಯಿಂದ ಬೆರಳು ತೆಗೆದೆ, ಒಳಗಿದ್ದವಳಿಗೆ ಕೇಳಬಾರದು ಅಂತ. "ಇಲ್ಲ ಮೇಡಂ. ಸುಮ್ನೆ ಹತ್ತು ನಿಮಿಷ ಮಾತಾಡಿಸಿದ್ದು ಅಷ್ಟೆ," ಅಂದೆ.

"ಛೆ. ವಯಸ್ಸಾಯ್ತು ಪಾಪ," ಅಂದರು ಮೇಡಂ. "ಅವರಿಗೆ ನೋವಾಗದ ಹಾಗೆ ಹೇಳಿ."

ನೋವಾಗದ ಹಾಗೆ ಹೇಳುವ ಕೆಲಸ ಯಜಮಾನರು ಮಾಡಿದರು. ಎರಡು ನಿಮಿಷ ಹಿಡಿಯಿತು. ಅವಳು ಹೊರಗೆ ಬಂದಾಗ ಅಳುತ್ತಿರಲಿಲ್ಲ. ನನ್ನ ಹತ್ತಿರ ಬಂದು, ದನಿಯಿಲ್ಲದೆ ಬರೀ ತುಟಿಯಲ್ಲಿ, "ಕ್ಷಮಿಸಿ ಮಾವ, ನಿಮ್ಮ ಮರ್ಯಾದೆ ತೆಗೆದೆ," ಅಂದಳು. ನನ್ನ ಕೈಯಲ್ಲಿ ಟೀ ಲೋಟ ಇತ್ತು. ಕುಡಿದೆ.

ಗಂಟಲಿನಲ್ಲಿ ರಕ್ತ ಒಸರಿತ್ತಂತೆ. ಡಾಕ್ಟರು ಎರಡು ತಿಂಗಳು ಒಂದು ಪದವೂ ಆಡಕೂಡದು ಅಂದರು. ಆ ಎರಡು ತಿಂಗಳಲ್ಲಿ ನಾನು ಒಂದು ಸಲ ಅವಳ ಮನೆಗೆ ಹೋದೆ. ಯೋಗಕ್ಷೇಮ ಕೇಳಲು ಅಲ್ಲ, ರುಜು ಹಾಕಿಸಲು. ಯಜಮಾನರ ಸೊಸೆ ಬುಡುಂಗ ಆಗಿದ್ದಳು. ಆದರೆ ಅವಳ ಗಂಟಲು ಹಾಳಾಗಬಾರದಲ್ಲ, ಹಾಗಾಗಿ ಆಟದಲ್ಲಿ ಮಾತೆಲ್ಲ ಸೊಸೆಯದು, ಕಿರುಚಾಟವೆಲ್ಲ ಇವಳದು ಅಂತ ತೀರ್ಮಾನವಾಗಿತ್ತು. ಕಿರುಚಾಟ ಹಿಂದಿನ ವಾರವೇ ಹಿಡಿದಿಟ್ಟದ್ದು ಅಂತ ಯಜಮಾನರು ಮೇಡಂಗೆ ಹೇಳಿದ್ದರು. ಇನ್ನು ಇವಳ ಒಪ್ಪಿಗೆ ಪತ್ರ ಬೇಕು. ಅತ್ತಿಗೆ ಬಾಗಿಲು ತೆರೆದು, "ಬನ್ನಿ ಬನ್ನಿ, ನಮ್ಮನೇಲಿ ಈಗ ತಣ್ಣಗಿದೆ," ಅಂದಳು. ಇವಳು ಮಹಡಿಯಿಂದ ಇಳಿದು ಬಂದು, ಪತ್ರ ಓದಿ, ಕೂಡಲೇ ರುಜು ಹಾಕಿದಳು. ನೋಟ್ ಪುಸ್ತಕದಲ್ಲಿ ಬರೆದು ತೋರಿಸಿದಳು: ಅಷ್ಟಾದರೂ ಚೆನ್ನಾಗಿ ಬಂತಲ್ಲ, ಬಿಡಿ.

ಅರವತ್ತೆರಡು ಕಿರುಚಾಟವನ್ನೂ ನಾನೇ ಆರಿಸಿ, ಕತ್ತರಿಸಿ ಕಳಿಸಿದೆ. ಇರುವುದರಲ್ಲಿ ಒಳ್ಳೆಯದನ್ನೇ ಆರಿಸಬೇಕು, ಅದು ಕೆಲಸದ ನಿಯತ್ತು. ಅಲ್ಲಿ ನಾನು ಮೋಸ ಮಾಡುವವನಲ್ಲ.

ಎರಡು ತಿಂಗಳಾದ ಮೇಲೆ ಅವಳಿಗೆ ದನಿ ಬಂತು. ಬೇರೆ ದನಿ. ದಪ್ಪ, ಒರಟು, ಮಧ್ಯೆ ಮಧ್ಯೆ ಇಲ್ಲವಾಗುವಂಥದ್ದು. ಔಷಧದ ಅಂಗಡಿಗೆ ಫೋನ್ ಮಾಡಿದವರು ಈಗ, "ಹೇಳಿ ಸಾರ್," ಅನ್ನುತ್ತಾರಂತೆ. ಅತ್ತಿಗೆ, "ಅಂತೂ ವಯಸ್ಸಿಗೆ ತಕ್ಕ ದನಿ ಬಂತು," ಅಂತ ಸಮಾಧಾನ ಪಟ್ಟಳಂತೆ. ನೆಂಟರು ಬಂದರೆ ಮೇಲೆ ಹೋಗು ಅನ್ನುವುದನ್ನು ಬಿಟ್ಟಳಂತೆ. ಸಿನಿಮಾ ಬಂತು. ಸೊಸೆ ವಿದ್ಯುತ್ ಬಿಲ್ ಓದಿದಳು. ಯಾವ ಮಗುವೂ ಇದು ನಮ್ಮ ಬುಡುಂಗ ಅಲ್ಲ ಅಂತ ಅಳಲಿಲ್ಲ. ಅವಕ್ಕೆ ಮೊದಲಿನದು ಗೊತ್ತೇ ಇಲ್ಲ. ಗೊತ್ತಿದ್ದ ಅಪ್ಪ ಅಮ್ಮಂದಿರು ಕತ್ತಲಲ್ಲಿ ಫೋನ್ ನೋಡುತ್ತಿದ್ದರು.

ಆಟ ಬಂದ ಎರಡು ವಾರಕ್ಕೆ, ಒಂದು ಮಧ್ಯಾಹ್ನ, ಅವಳು ಸ್ಟುಡಿಯೋಗೆ ಬಂದಳು. ನಾನು ಒಬ್ಬನೇ ಇದ್ದೆ. ಚಕ್ರ ಕಳಚಿದ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದಳು.

"ಆಟ ಆಡಿದೆ," ಅಂದಳು, ಆ ಒರಟು ದನಿಯಲ್ಲಿ. "ಹತ್ತು ದಿನ ಆಡಿದೆ. ಎಲ್ಲಾ ಥರದಲ್ಲೂ ಅವನನ್ನ ಸಾಯಿಸಿ ನೋಡಿದೆ."

"ಹೇಗಿದೆ?" ಅಂದೆ.

"ಎಲ್ಲಾ ಮೊದಲನೇ ಟೇಕು. ಅರವತ್ತೆರಡಕ್ಕೆ ಅರವತ್ತೆರಡೂ."

ನಾನು ಮೇಜಿನ ಮೇಲಿನ ವೈರು ಸುತ್ತಲು ಶುರು ಮಾಡಿದೆ. "ಹಾಗೇನಿಲ್ಲ, ಮಿಕ್ಸ್ ಮಾಡಿರ್ತೀವಿ, ಅಲ್ಲೊಂದು ಇಲ್ಲೊಂದು..."

"ನನ್ನ ಕಿರುಚಾಟ ನನಗೆ ಗೊತ್ತಾಗಲ್ವಾ? ಭಯ ಕಾಣ್ತಿಲ್ಲ ಅಂದ್ರಿ, ಅದನ್ನೇ ಹಾಕಿದ್ದೀರಿ. ಜೋರಾಗಿಲ್ಲ ಅಂದ್ರಿ, ಅದನ್ನೇ ಹಾಕಿದ್ದೀರಿ. ಮೊದಲನೇದು ಚೆನ್ನಾಗಿದೆ ಅಂತ ನಿಮಗೆ ಅವತ್ತೇ ಗೊತ್ತಿತ್ತು. ಮತ್ತೆ ಆರಾರು ಸಲ ಯಾಕೆ ಕಿರುಚಿಸಿದ್ರಿ?"

"ಸೇಫ್ಟಿಗೆ ತಗೋತೀವಲ್ಲ," ಅಂದೆ.

"ಸೇಫ್ಟಿಗೆ ಎರಡು ತಗೋತೀವಿ. ನಾನೂ ಈ ರೂಮಲ್ಲಿ ಎಂಟು ವರ್ಷ ನಿಂತವಳು."

ದನಿ ಅಲ್ಲಿಗೆ ಕಟ್ಟಿತು. ನುಂಗಿಕೊಂಡು ಕಾದಳು. ಕಾಯುವವರ ಮುಂದೆ ಸುಳ್ಳು ಹೇಳುವುದು ಕಷ್ಟ. ಬೈದಿದ್ದರೆ ತಿರುಗಿ ಬೈದು ಬಚಾವಾಗುತ್ತಿದ್ದೆ. ನನಗೆ ರೇಗಿತು. "ಏನು ಮಾಡ್ಲಿ ನಾನು? ಸೊಸೆಗೆ ಕೊಡ್ಬೇಕು ಅಂತ ಯಜಮಾನರಿಗಿತ್ತು. ನೀನು ಪಾಸಾದ್ರೆ ಕೊಡೋ ಹಾಗಿರ್ಲಿಲ್ಲ. ನೀನು ಫೇಲಾಗ್ಬೇಕಿತ್ತು. ಅಷ್ಟೇ," ಅಂದುಬಿಟ್ಟೆ.

ಕಪಾಳಕ್ಕೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೂ ಇತ್ತು. ಅವಳು ಹೊಡೆಯಲಿಲ್ಲ. ನನ್ನನ್ನು ನೋಡುತ್ತಾ ನಿಂತಳು, ಲೆಕ್ಕ ಬಾರದ ಮಗುವನ್ನು ನೋಡಿದ ಹಾಗೆ.

"ಇಷ್ಟಕ್ಕೇನಾ?" ಅಂದಳು. "ಇದನ್ನ ನನ್ನ ಹತ್ರ ಹೇಳಿದ್ರೆ ಆಗ್ತಿತ್ತಲ್ಲ. ಪರೀಕ್ಷೇಲಿ ನಾನೇ ಬೇಕಂತ ಕೆಟ್ಟದಾಗಿ ಮಾತಾಡಿ ಮನೆಗೆ ಹೋಗಿಬಿಡ್ತಿದ್ದೆ. ಅಷ್ಟು ನಟನೆ ನನಗೆ ಬರ್ತಿರ್ಲಿಲ್ವಾ? ಅಳ್ತಿದ್ದೆ, ಆದ್ರೂ ಮಾಡ್ತಿದ್ದೆ. ನಿಮ್ಮ ಕೆಲಸ ಉಳೀತಿತ್ತು. ಸೊಸೆಗೆ ಪಾತ್ರ ಸಿಗ್ತಿತ್ತು. ನನ್ನ ದನಿ ನನ್ನ ಹತ್ರ ಇರ್ತಿತ್ತು."

ಅವಳು ಹೋದ ಮೇಲೆ ನಾನು ಬಹಳ ಹೊತ್ತು ಅದೇ ವೈರು ಸುತ್ತುತ್ತಾ ಕೂತೆ. ಅವಳು ಹೇಳಿದ್ದು ನಿಜ. ಕೇಳಿದ್ದರೆ ಬಿಟ್ಟುಕೊಡುತ್ತಿದ್ದಳು, ನಾನು ಕೇಳಿದೆ ಅನ್ನುವ ಒಂದೇ ಕಾರಣಕ್ಕೆ ಬಿಟ್ಟುಕೊಡುತ್ತಿದ್ದಳು. ಕೇಳಬಹುದು ಅಂತ ನನಗೆ ಹೊಳೆಯಲೇ ಇಲ್ಲ.